ಹೆಳವರ ಹೊತ್ತಿಗೆಯಲ್ಲಿ ನೋರಾಬಾಯಿಯ ಮನೆತನ

ನನಗೊಂದು ಕೆಟ್ಟ ಚಾಳಿ ಇದೆ. ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಅವರ ಕೈ ಸೇರುವ ಮೊದಲೇ 'ನಿಮ್ಮ ತಾಯಿಯ ತಾಯಿಯ ಹೆಸರೇನು?' ಎಂದು ಕೇಳಿಬಿಡುತ್ತೇನೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಇದರಿಂದ ನನಗೆ ಸಾಕಷ್ಟು ಹೆಸರು ಬಂದಿದೆ, ಒಳ್ಳೆಯದೇನಲ್ಲ. ಜನಗಣತಿಗೆ ಬಂದ ಮಾಸ್ತರರೊಬ್ಬರು ನನ್ನ ಹೆಸರು, ವಯಸ್ಸು, ಮನೆಯ ಗೋಡೆ ಕಲ್ಲಿನದೋ ಮಣ್ಣಿನದೋ ಎಂಬುದನ್ನೆಲ್ಲ ಬರೆದುಕೊಂಡು ಏಳುವುದರಲ್ಲಿದ್ದರು. ನನ್ನ ಸರದಿ ಬಂತೆಂದು ನಾನು ಕೇಳಿದೆ. ಪಾಪ, ಅವರು ಪೆನ್ನಿನ ತುದಿ ಕಚ್ಚಿಕೊಂಡು ಜಂತಿ ನೋಡಿದರು.

'ನಾವೆಲ್ಲಾ ಆಯಿ, ಆಯಿ ಅಂತಿದ್ವಿರಿ ಬಾಯಾರ. ಹೆಸರ ಯಾರಿಗ್ ಗೊತ್ತದ?'

'ಇಡೀ ಓಣಿ ಮಂದಿ ಹೆಸರ ಬರ್ಕೊಂಡ್ ಹೊಂಟೀರಿ, ನಿಮ್ಮ ಆಯಿ ಹೆಸರ ಗೊತ್ತಿಲ್ಲೇನ್ರಿ?' ಎಂದೆ. ಒಳಗಿನಿಂದ ನನ್ನ ಯಜಮಾನರು ಜೋರಾಗಿ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ, ಅದು ನನಗೆ ಎಚ್ಚರಿಕೆ.

ಇಷ್ಟು ಜೋರು ಮಾಡುವ ನಿನಗೆಷ್ಟು ಗೊತ್ತು ತಾಯಿ ಎಂದು ನೀವು ಕೇಳಬೇಕು. ಕೇಳಿದರೆ ನನ್ನ ಮುಖ ಸಣ್ಣದಾಗುತ್ತದೆ. ಅವ್ವನ ಅವ್ವ, ಅವಳ ಅವ್ವ, ಅಲ್ಲಿಗೆ ನನ್ನ ಗಾಡಿ ನಿಂತುಬಿಡುತ್ತದೆ. ಆದರೆ ಆನರಾಳ ಮಗಳು ಬ್ರಿಜಿಟ್, ಬ್ರಿಜಿಟ್‌ಳ ಮಗಳು ಮೇರಿ, ಮೇರಿಯ ಮಗಳು ಕ್ಯಾಥರಿನ್, ಕ್ಯಾಥರಿನ್‌ಳ ಮಗಳು ನೋರಾ ಎಂದು ಐದು ತಲೆಮಾರನ್ನು ನಾನು ಉಸಿರು ತೆಗೆದುಕೊಳ್ಳದೆ ಹೇಳಬಲ್ಲೆ. ಇವರಲ್ಲಿ ಒಬ್ಬರೂ ನಮ್ಮ ಬಳಗದವರಲ್ಲ. ಐರ್ಲೆಂಡ್ ಎಂಬ ದೇಶದಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದ ಮಂದಿ. ಆದರೂ ಇವರ ಹೆಸರು ಹುಮನಾಬಾದಿನ ನನ್ನ ತವರುಮನೆಯ ಅಂಗಳದಲ್ಲಿ ಗಂಟೆ ಬಾರಿಸಿಕೊಂಡು ಓದಲ್ಪಟ್ಟವು. ಈ ಚಾಳಿ ನನಗೆ ಅಂಟಿದ್ದು ಆ ದಿನವೇ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಹುಟ್ಟಿದವಳು. 'ನೀ ಹುಟ್ಟಿದ್ದೇ ಹುಟ್ಟಿದ್ದು, ಇಡೀ ಊರೇ ಹೈದರಾಬಾದ ಬಿಟ್ಟು ಮೈಸೂರಿಗಿ ಹೋತ್ ನೋಡು' ಎಂದು ನನ್ನ ಆಯಿ, ಅಂದರೆ ಅಪ್ಪನ ತಾಯಿ ಗುರಮ್ಮ, ನಗುತ್ತಿದ್ದಳು. ಕೂತಲ್ಲೇ ಕೂತ ಊರು ರಾಜ್ಯ ಬದಲಿಸಿದ್ದು ನನ್ನ ಕಾಲ್ಗುಣದಿಂದ ಎಂದು ನಾನು ಬಹಳ ದಿನ ನಂಬಿಕೊಂಡು, ಶಾಲೆಯಲ್ಲಿ ಆ ಗತ್ತಿನಲ್ಲೇ ಓಡಾಡುತ್ತಿದ್ದೆ.

ನೋರಾಬಾಯಿ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು. ಹಳ್ಳಿಯವರಿಗೆ ಕೋಳಿ ಸಾಕುವುದನ್ನು ಕಲಿಸಲು ಅಮೆರಿಕದಿಂದ ಬಂದಿದ್ದ ಹುಡುಗಿ. ನಮ್ಮದೋ ಲಿಂಗ ಕಟ್ಟಿಕೊಂಡ ಮನೆ, ತತ್ತಿ ಎಂಬ ಮಾತನ್ನೂ ಮೆಲ್ಲಗೆ ಆಡುವವರು. ಊರಲ್ಲಿ ಇಷ್ಟು ಮನೆಗಳಿರುವಾಗ ಈ ಕೋಳಿ ಬಾಯಿಗೆ ನಮ್ಮ ಮನೆಯ ಹೊರಕೋಣೆಯನ್ನೇ ಅಪ್ಪ ಯಾಕೆ ಕೊಟ್ಟರೋ ಗೊತ್ತಿಲ್ಲ. ಆಯಿ ಎರಡು ದಿನ ಅಪ್ಪನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಕಾನೂನು ಮಾಡಿದಳು: ಬೇಮಳಖೇಡದ ಕೋಳಿ ಕೆಲಸ ಮುಗಿಸಿ ಬಸ್ಸಿಳಿದು ಬಂದ ನೋರಾಬಾಯಿ ಹಿತ್ತಿಲ ಬಚ್ಚಲಲ್ಲೇ ಸ್ನಾನ ಮಾಡಬೇಕು, ಆಮೇಲೆ ಪಡಸಾಲೆಗೆ ಬರಬೇಕು. ಆ ಹುಡುಗಿ ಒಂದು ದಿನವೂ ಕಾನೂನು ಮುರಿಯಲಿಲ್ಲ. ತಿಂಗಳೊಳಗೆ ಆಯಿಯೇ ಅವಳಿಗೆ ನೀರು ಕಾಯಿಸಿಡತೊಡಗಿದಳು.

ಅವಳ ಕನ್ನಡ ನಮಗೆ ದೊಡ್ಡ ಮೋಜು. ಎಲ್ಲಿಯೋ ಪುಸ್ತಕ ಇಟ್ಟುಕೊಂಡು ಕಲಿತಿದ್ದಳು. 'ಅಜ್ಜಿಯವರೇ, ನಾನು ಈಗ ರೊಟ್ಟಿಯನ್ನು ಸೇವಿಸಲೇ?' ಎನ್ನುವಳು. 'ಸೇವಿಸವ್ವಾ, ಬೇಕಾದಷ್ಟ್ ಸೇವಿಸು' ಎಂದು ಆಯಿ ಬುಟ್ಟಿಯನ್ನೇ ಮುಂದಿಡುವಳು. ಊರಿನವರ ಮಾತು ಅವಳಿಗೆ, ಅವಳ ಮಾತು ಊರಿನವರಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಇಂಗ್ಲಿಷಿನ ಎ, ಬಿ, ಸಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಅವಳ ಪುಸ್ತಕದ ಕನ್ನಡವನ್ನು ನಮ್ಮ ಕನ್ನಡ ಮಾಡಿ ಹೇಳುವುದೇ ನನ್ನ ದುಭಾಷಿತನ.

ಸಂಜೆ ಕಟ್ಟೆಯ ಮೇಲೆ ಕೂತು ಅವಳು ನನಗೆ ತನ್ನ ಮನೆಯವರ ಕಥೆ ಹೇಳುತ್ತಿದ್ದಳು. ಬೆರಳಿನ ಗೆಣ್ಣು ಎಣಿಸಿಕೊಂಡು ಹೇಳುವುದು, ಹಾಗೆ ಅವಳ ಅಜ್ಜಿ ಕಲಿಸಿದ್ದಳಂತೆ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಹೊಲದಲ್ಲೇ ಕೊಳೆತು ಊರಿಗೆ ಊರು ಹಸಿದಾಗ ಆನರಾ ಎಂಬುವಳು ತನ್ನ ಹದಿನಾರರ ಮಗಳು ಬ್ರಿಜಿಟ್‌ಳನ್ನು ಒಬ್ಬಳನ್ನೇ ಹಡಗು ಹತ್ತಿಸಿ, ತಾನು ದಂಡೆಯಲ್ಲಿ ಉಳಿದಳು. ಮತ್ತೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ. ಬ್ರಿಜಿಟ್ ಅಮೆರಿಕದಲ್ಲಿ ಮಂದಿಯ ಮನೆಯ ಅರಿವೆ ಒಗೆದಳು. ಅವಳ ಗಂಡ ಕಾಲುವೆ ಅಗೆಯುತ್ತ ಜ್ವರ ಬಂದು ಸತ್ತ. ಮಗಳು ಮೇರಿ ಬಟ್ಟೆ ಗಿರಣಿಗೆ ಹೋಗಿ ಆರು ಮಕ್ಕಳನ್ನು ಸಾಕಿದಳು. ಮೇರಿಯ ಮಗಳು ಕ್ಯಾಥರಿನ್ ಶಾಲೆಯ ಶಿಕ್ಷಕಿಯಾದಳು. ಅವಳ ಮಗಳೇ ನಮ್ಮ ನೋರಾಬಾಯಿ, ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು.

'ಗಂಡಸರ ಹೆಸರು?' ಎಂದು ನಾನು ಕೇಳಿದ್ದೆ.

'ಮೂವರು ಪ್ಯಾಟ್ರಿಕ್ ಇದ್ದರು. ಯಾರು ಯಾರ ಮಗ ಎಂಬುದು ನಮಗೆ ತಿಳಿಯದು' ಎಂದು ನಕ್ಕಳು. ಆಮೇಲೆ ಹೇಳಿದಳು, ಬ್ರಿಜಿಟ್ ಬಂದ ಹಡಗಿನ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲವಂತೆ. 'ಕೆಲಸದ ಹುಡುಗಿ' ಎಂದಷ್ಟೇ ಬರೆದಿದ್ದಾರಂತೆ. ಅದಕ್ಕೇ ಆ ಮನೆಯ ಹೆಂಗಸರು ಗೆಣ್ಣು ಎಣಿಸುವುದನ್ನು ಬಿಟ್ಟಿಲ್ಲ.

ಇಲ್ಲಿ ಹೆಳವರ ವಿಷಯ ಹೇಳದೆ ಮುಂದೆ ಹೋಗಲಾರೆ. ಮನೆತನಗಳ ವಂಶಾವಳಿ ಹೇಳಿಕೊಂಡು ಊರೂರು ತಿರುಗುವವರು ಹೆಳವರು. ಒಂದೊಂದು ಹೆಳವರ ಕುಟುಂಬಕ್ಕೆ ಇಂತಿಂಥ ಮನೆತನಗಳು ಎಂದು ಹಂಚಿಕೆ ಇರುತ್ತದೆ. ನಮ್ಮ ಮನೆತನದ ಹೆಳವ ಸಾಬಣ್ಣ. ನಾಲ್ಕು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದ. ಕೆಂಪು ಅರಿವೆಯಲ್ಲಿ ಸುತ್ತಿದ ವಂಶಾವಳಿಯ ಹೊತ್ತಿಗೆ ಅವನ ಬಗಲಲ್ಲಿ. ಅದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅದರಲ್ಲಿ ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ, ಒಮ್ಮೆ ಓದಿದ್ದನ್ನು ಮುಂದಿನ ಸಲ ಬಿಡುವ ಹಾಗಿಲ್ಲ. ಅವನು ಹೆಸರು ಕೂಗಿದಾಗ ಆ ಮನುಷ್ಯ ಎದ್ದು ನಿಂತು ತಲೆಬಾಗಿ ಕೂರಬೇಕು. ಸತ್ತವರ, ಎದುರಿಗಿಲ್ಲದವರ ಹೆಸರು ಬಂದರೆ ಅವರ ಪೀಳಿಗೆಯ ಹಿರಿಯರು ಅವರ ಪರವಾಗಿ ಏಳಬೇಕು. ನಮ್ಮ ಮನೆಯಲ್ಲಿ ಹಿರಿಯರೆಂದರೆ ಅಪ್ಪ. ಹೀಗಾಗಿ ಆ ದಿನ ಅಪ್ಪನಿಗೆ ಶಾಲೆಯ ಡ್ರಿಲ್ ಹುಡುಗರಂತೆ ಎದ್ದು ಕೂತು, ಎದ್ದು ಕೂತು ಬೆವರು ಬರುತ್ತಿತ್ತು. ಆದರೂ ಆ ದಿನದಷ್ಟು ಎದೆಯುಬ್ಬಿಸಿಕೊಂಡ ಅಪ್ಪನನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಆ ವರ್ಷ ಸಾಬಣ್ಣ ಬಂದ ಮುಂಜಾನೆ ನಾನು ಹೊಸ ಪರಕಾರ ಉಟ್ಟು ಮುಂದೆಯೇ ಕೂತಿದ್ದೆ. ಹಿಂದಿನ ಸಲ ಅವನು ಬಂದಾಗ ನಾನು ಏನೂ ತಿಳಿಯದ ಚಿಕ್ಕವಳು. ಈಗ ಶಾಲೆಗೇ ಮೊದಲನೆಯವಳು, ಮೇಲಾಗಿ ರಾಜ್ಯ ಬದಲಿಸಿದವಳು. ನನ್ನ ಹೆಸರು ಬಂದಾಗ ಹೇಗೆ ಏಳಬೇಕು ಎಂದು ಹಿತ್ತಿಲಲ್ಲಿ ಎರಡು ಸಲ ತಾಲೀಮು ಮಾಡಿಕೊಂಡಿದ್ದೆ.

ಸಾಬಣ್ಣ ಶುರು ಮಾಡಿದ. ಮೂಲಪುರುಷ ಮಂಠಾಳದ ವೀರಪ್ಪ, ಅಣ್ಣತಮ್ಮಂದಿರೊಡನೆ ಬಾವಿಗಾಗಿ ಜಗಳಾಡಿ ಒಂದು ಎತ್ತು, ಒಂದು ಕೊಡ ಹಿಡಿದುಕೊಂಡು ಹುಮನಾಬಾದಿಗೆ ಬಂದವನು. ಅಪ್ಪ ಎದ್ದರು, ಕೂತರು. ವೀರಪ್ಪನ ಮಗ, ಆ ಮಗನ ಮಗ, ಗಂಟೆ, ಹರಕೆ. ಕೊನೆಗೆ ಅಪ್ಪನ ಹೆಸರಿಗೆ ಬಂದು 'ಶರಣಪ್ಪಗ ಮಗ ಒಬ್ಬ, ಬಸವರಾಜ' ಎಂದ. ನಾಲ್ಕು ವರ್ಷದ ನನ್ನ ತಮ್ಮ ಬಸವರಾಜನನ್ನು ಅವ್ವ ಎತ್ತಿ ನಿಲ್ಲಿಸಿದಳು. ಅವನು ಮೂಗು ಸುರಿಸಿಕೊಂಡು ತಲೆಬಾಗಿದ. ಸಾಬಣ್ಣ ಗಂಟೆ ಕೆಳಗಿಟ್ಟ.

ನಾನು ಇನ್ನೂ ಅರ್ಧ ಎದ್ದ ಹಾಗೆಯೇ ಇದ್ದೆ.

'ಮುತ್ಯಾ, ನನ್ನ ಹೆಸರ?' ಎಂದೆ.

'ನಿನ್ನ ಹೆಸರ ನಿನ್ನ ಗಂಡನ ಮನಿ ಹೆಳವ ಹೇಳ್ತಾನ ತಂಗಿ. ಹೆಣ್ಮಕ್ಕಳು ಹೋಗೋರು' ಎಂದ ಸಾಬಣ್ಣ. ಮೆತ್ತಗೇ ಹೇಳಿದ, ಅವನು ಕೆಟ್ಟವನಲ್ಲ.

ಬಾಗಿಲ ಮರೆಯಿಂದ ಆಯಿಯ ಧ್ವನಿ ಬಂತು. 'ಹುಡುಗಿ ಮುಂದ ಸುಳ್ಳ ಹೇಳಬ್ಯಾಡ ಸಾಬಣ್ಣಾ. ನಾ ಈ ಮನಿಗಿ ಬಂದು ಐವತ್ತ ವರ್ಷಾತು. ಒಂದ್ ಸಲಾನಾದ್ರೂ ನನ್ನ ಹೆಸರ ತಗೊಂಡೀಯೇನು? ತೌರಾಗ ಹೋಗಾಕಿ ಅಂತ ಬಿಟ್ರು, ಇಲ್ಲಿ ಬಂದಾಕಿ ಅಂತ ಬಿಟ್ಟಿ.'

ನನಗೆ ಅಳು ಬಂತು. ಮುಖ ಮುಚ್ಚಿಕೊಳ್ಳಲು ಹೊಸ ಪರಕಾರದ ತುದಿ ಎತ್ತಿದೆ. ಅಷ್ಟರಲ್ಲಿ ಮಾಣಿಕನಗರದ ಕಡೆಗೆ ಕೋಳಿಗಳ ಕಾಳು ತರಲು ಹೋಗಿದ್ದ ನೋರಾಬಾಯಿ ಚೀಲ ಹೊತ್ತು ಒಳಗೆ ಬಂದಳು. ಎತ್ತು, ಗಂಟೆ, ಹೊತ್ತಿಗೆ ನೋಡಿ ಅವಳ ಕಣ್ಣು ಅಗಲವಾದವು. ಇದೇನೆಂದು ನಾನು ಮೂಗೊರೆಸಿಕೊಳ್ಳುತ್ತಲೇ ತಿಳಿಸಿದೆ. ಅವಳು ಚೀಲವನ್ನು ಅಲ್ಲೇ ಬಿಟ್ಟು ಕೂತುಬಿಟ್ಟಳು.

ಸಾಬಣ್ಣನಿಗೆ ಇಕ್ಕಟ್ಟಾಯಿತು. ತೆರೆದ ಹೊತ್ತಿಗೆಯ ಮುಂದೆ ಬಂದು ಕೂತ ಪರಸ್ಥಳದವರ ಮೂಲ ಕೇಳದೆ ಅದನ್ನು ಮುಚ್ಚಬಾರದು ಎಂಬುದು ಅವನ ಮನೆತನದ ಕಟ್ಟಳೆ. 'ಈ ಬಾಯಾರ ಮನಿತನ ಯಾವದು? ಎಲ್ಲಿಂದ ಎಲ್ಲಿಗಿ ಬಂದ್ರು?' ಎಂದು ನನ್ನನ್ನು ಕೇಳಿದ. ಅವನ ದೌತಿಯ ಶಾಯಿ ಆರಿಹೋಗಿತ್ತು. ನೋರಾಬಾಯಿ ತನ್ನ ಪೆನ್ನು ಕೊಟ್ಟಳು, ಹಸಿರು ಶಾಯಿಯ ಪೆನ್ನು. ಆಮೇಲೆ ಗೆಣ್ಣು ಎಣಿಸುತ್ತ ಹೆಸರು ಹೇಳಿದಳು. ಅವರು ಮಾಡಿದ್ದನ್ನೆಲ್ಲ ನಾನು ವಿವರಿಸಿದೆ: ಹಸಿವು, ಹಡಗು, ಗಿರಣಿ, ಶಾಲೆ. ಅವರು ಹೆಂಗಸರು ಎಂಬುದನ್ನು ಮಾತ್ರ ಹೇಳಲಿಲ್ಲ. ಮರೆತಿರಲಿಲ್ಲ. ಬೇಕೆಂದೇ ಹೇಳಲಿಲ್ಲ.

ಒಬ್ಬರೇ ಸಮುದ್ರ ದಾಟಿದವರು, ಕೂಲಿ ಮಾಡಿ ಮನೆ ಕಟ್ಟಿದವರು, ಆರು ಮಕ್ಕಳ ಹೊಟ್ಟೆ ತುಂಬಿಸಿದವರು ಎಂದರೆ ಗಂಡಸರಲ್ಲದೆ ಇನ್ಯಾರು? ಸಾಬಣ್ಣನಿಗೆ ಸಂಶಯವೇ ಬರಲಿಲ್ಲ. ನಮ್ಮ ಮನೆತನದ ಪುಟದ ಕೆಳಗೆಯೇ ಹೆಸರುಗಳನ್ನು ಕೇಳಿದಂತೆ ಬರೆದುಕೊಂಡು, ಗಂಟೆ ಎತ್ತಿ, ಗಂಟಲು ಸರಿಮಾಡಿಕೊಂಡು, ತಾನೇ 'ಅಪ್ಪ' ಹಚ್ಚಿ ಓದಿದ. 'ದಂಡಿ ಮ್ಯಾಲ ನಿಂತ ಧೀರ ಆನರಪ್ಪ! ಆನರಪ್ಪನ ಮಗ ಏಳು ನೀರು ದಾಟಿದ ಗಂಡುಗಲಿ ಬ್ರಿಜಪ್ಪ!' ನೋರಾಬಾಯಿಗೆ ಏಳಬೇಕೆಂದು ನಾನು ಸನ್ನೆ ಮಾಡಿದೆ. ಮೊದಲ ಹೆಸರಿಗೆ ನಗುತ್ತ ಎದ್ದಳು. ಎರಡನೆಯದಕ್ಕೆ ಎದ್ದವಳು ನಗಲಿಲ್ಲ. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಹಡಗಿನ ಪಟ್ಟಿಯಲ್ಲಿ ಇಲ್ಲದ ಹೆಸರು ಹುಮನಾಬಾದಿನ ಅಂಗಳದಲ್ಲಿ ಗಂಟೆಯೊಡನೆ ಕೇಳಿಬಂದಿತ್ತಲ್ಲ. ಕ್ಯಾಥರಿನ್ ಮುಗಿದದ್ದೇ ಸಾಬಣ್ಣ ಗಂಟೆ ಇಳಿಸಿದ. 'ಈ ಬಾಯಾರ ಹೆಸರ ಇವರ ಗಂಡನ ಮನಿಗಿ' ಎಂದ.

ನಾನು ಆಗ ಬಾಯಿಬಿಟ್ಟೆ. 'ಮುತ್ಯಾ, ಅವರ್ಯಾರೂ ಗಂಡಸರಲ್ಲ. ಎಲ್ಲಾ ಹೆಣ್ಮಕ್ಕಳು. ಅವ್ವ, ಆಯಿ, ಮುತ್ತಜ್ಜಿ.'

ಸಾಬಣ್ಣನ ಮುಖ ನೀವು ನೋಡಬೇಕಿತ್ತು. ಒಮ್ಮೆ ಹೊತ್ತಿಗೆ ನೋಡಿದ, ಒಮ್ಮೆ ಎತ್ತಿನ ಕೋಡು ನೋಡಿದ. 'ಶಿವನೇ! ಬರ್ದೆನಲ್ಲೋ, ಓದಿದೆನಲ್ಲೋ!' ಎಂದ. ಬಾಗಿಲ ಮರೆಯಲ್ಲಿದ್ದ ಆಯಿ ನಕ್ಕು ನಕ್ಕು ಕೆಮ್ಮು ಹತ್ತಿ ಹೊರಗೇ ಬಂದಳು. ಗಂಡಸರ ಸಭೆಗೆ ಅವಳು ಹಾಗೆ ಬಂದದ್ದು ನಾನು ಅದೇ ಮೊದಲು ನೋಡಿದ್ದು. ನಗು ನಿಲ್ಲಿಸಿ ಕೇಳಿದಳು:

'ಸಮುದ್ರದ ಆಚಿ ಹೆಣ್ಮಕ್ಕಳು ನಿನ್ನ ಹೊತ್ತಿಗ್ಯಾಗ ಕುಂತ್ರು. ಈ ಮನ್ಯಾಗ ಹುಟ್ಟಿದ್ ಕೂಸು ಹೊರಗ ನಿಲ್ಲಬೇಕೇನು? ಬರಿ. ಮಹಾದೇವಿ ಅಂತ ಬರಿ.'

ಮಹಾದೇವಿ ಎಂದರೆ ನಾನು. ಸಾಬಣ್ಣ ಹೊತ್ತಿಗೆಗೆ ಕೆಂಪು ಅರಿವೆ ಸುತ್ತತೊಡಗಿದ. 'ನಾ ಒಬ್ನೇ ಮಾಡೋದಲ್ರಿ ಅಮ್ಮಾರ. ನಮ್ಮ ಕುಲದ ಹಿರಿಯರು ಹೊರಗ ಹಾಕ್ತಾರ, ಹೊತ್ತಿಗಿ ಕಸ್ಕೊಂತಾರ. ಅವರ ಕೇಳತೇನಿ' ಎಂದ. ಉಂಡ ಮೇಲೆ ಬೇವಿನ ನೆರಳಲ್ಲಿ ನಮಗೆ ಬೆನ್ನು ಮಾಡಿ ಎಷ್ಟೋ ಹೊತ್ತು ಕೂತಿದ್ದ. ಒಂದು ಮೊರ ಜೋಳ ತುಂಬಿಸಿಕೊಂಡು ಹೊರಟವನು ಹೆಬ್ಬಾಗಿಲಲ್ಲಿ ನೆನಪಾಗಿ ನೋರಾಬಾಯಿಯ ಪೆನ್ನನ್ನು ವಾಪಸು ಕೊಟ್ಟ. ನನ್ನ ಮುಖ ಮಾತ್ರ ನೋಡಲಿಲ್ಲ.

ಎರಡು ವರ್ಷಕ್ಕೆ ನೋರಾಬಾಯಿ ತನ್ನ ದೇಶಕ್ಕೆ ಹೋದಳು. ಅಲ್ಲಿಂದ ಹಸಿರು ಶಾಯಿಯಲ್ಲಿ ಕಾಗದ ಬಂತು. 'ನಮ್ಮ ಅಜ್ಜಿಯಂದಿರ ಹೆಸರು ಭಾರತದಲ್ಲಿ ಎತ್ತಿನ ಮೇಲೆ ಸಂಚರಿಸುತ್ತಿದೆ ಎಂದು ತಾಯಿಗೆ ತಿಳಿಸಿದೆನು. ಅವರು ಅತ್ತರು. ನಿನ್ನ ಹೆಸರು ಬರೆಯಲ್ಪಟ್ಟಿತೇ?' ನಾನು ಅದನ್ನು ಓದಿ ಹೇಳಿದಾಗ ಆಯಿ 'ಬರೆಯಲ್ಪಟ್ಟಿಲ್ಲವ್ವಾ' ಎಂದು ಅವಳದೇ ಧಾಟಿಯಲ್ಲಿ ಹೇಳಿದಳು. ಇಬ್ಬರೂ ನಕ್ಕೆವು.

ಸಾಬಣ್ಣ ಆಮೇಲೆ ಎರಡು ಸಲ ಬಂದ. ಕಟ್ಟಳೆಯಂತೆ ನಮ್ಮ ಗಂಡಸರನ್ನು ಓದಿ, ಆನರಾಳಿಂದ ಕ್ಯಾಥರಿನ್‌ವರೆಗೆ ಓದುತ್ತಿದ್ದ. ಅಪ್ಪ, ಮಗ, ಗಂಡುಗಲಿ ಎಂಬುದನ್ನೆಲ್ಲ ಬಿಟ್ಟು ಬರೀ ಹೆಸರು. ಅವರ ಪರವಾಗಿ ಏಳಲು ಆಯಿ ನನ್ನನ್ನು ನಿಲ್ಲಿಸುತ್ತಿದ್ದಳು. ಎದ್ದು ತಲೆಬಾಗಿ ಕೂರುವಾಗ ನನಗೆ ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಪರದೇಶದ ನಾಲ್ಕು ಮುದುಕಿಯರಿಗಾಗಿ ಎದ್ದು ನಿಂತವಳಿಗೆ ತನಗಾಗಿ ಏಳುವ ಹಕ್ಕಿಲ್ಲ. ಕ್ಯಾಥರಿನ್ ಹೆಸರು ಮುಗಿದಲ್ಲಿ ಸಾಬಣ್ಣನ ಬೆರಳು ಪುಟದ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಹೊತ್ತಿಗೆ ಮುಚ್ಚುತ್ತಿದ್ದ.

'ಹಿರಿಯರು ಏನಂದ್ರು ಸಾಬಣ್ಣಾ?' ಎಂದು ಎರಡು ಸಲವೂ ಆಯಿ ಕೇಳಿದಳು.

'ಇನ್ನಾ ಕುಂತಿಲ್ರಿ ಅಮ್ಮಾರ. ಎಲ್ಲಾರೂ ಕುಂತಿಲ್ರಿ.'

'ಮುದುಕರಿಗಿ ಕುಂಡ್ರೋದು ಬಿಟ್ಟು ಬ್ಯಾರೆ ಏನ್ ಕೆಲಸದನೋ?' ಎಂದಳು ಆಯಿ. ಎರಡನೆಯ ಸಲ ಹಾಗೆಂದ ವರ್ಷದ ಮಳೆಗಾಲದಲ್ಲೇ ಆಯಿ ತೀರಿಕೊಂಡಳು.

ನಾನು ಓದಿದೆ, ಶಿಕ್ಷಕಿಯಾದೆ, ಬಸವಕಲ್ಯಾಣಕ್ಕೆ ಮದುವೆಯಾಗಿ ಬಂದೆ. ಇಲ್ಲಿಯ ಹೆಳವ ಬೇರೆ. ಅವನು ಒಮ್ಮೆ ಬಂದು ನನ್ನ ಮಾವ, ಗಂಡ, ಮೈದುನರನ್ನು ಓದಿ ಹೋದ. ಆಯಿ ಹೇಳಿದ್ದು ಸುಳ್ಳಾಗಲಿಲ್ಲ. ನಾನು ಒಳಗೆ ಚಹಾ ಕುದಿಸುತ್ತ ಎಲ್ಲ ಕೇಳಿಸಿಕೊಂಡೆ. ಯಾರ ಮೇಲೂ ಕೂಗಾಡಲಿಲ್ಲ. ಬಂದವರಿಗೆಲ್ಲ ತಾಯಿಯ ತಾಯಿಯ ಹೆಸರು ಕೇಳುವ ಚಾಳಿ ಆಮೇಲೆ ಇನ್ನಷ್ಟು ಜೋರಾಯಿತು ಎಂದು ಯಜಮಾನರು ಹೇಳುತ್ತಾರೆ, ಇರಬಹುದು.

ಹಿಂದಿನ ಬೇಸಿಗೆಯ ಮಾತು. ಭಾನುವಾರ ಮುಂಜಾನೆ ಏಳು ವರ್ಷದ ಮಗಳ ತಲೆ ಬಾಚುತ್ತ ಕಟ್ಟೆಯ ಮೇಲೆ ಕೂತಿದ್ದೆ. ಒಬ್ಬ ಸೈಕಲ್ ನಿಲ್ಲಿಸಿದ. ಹ್ಯಾಂಡಲಿಗೆ ಗಂಟೆ ತೂಗುಹಾಕಿತ್ತು. ಆ ಗಂಟೆ ನನಗೆ ಗೊತ್ತು.

'ಹುಮನಾಬಾದ ಶರಣಪ್ಪನವರ ಮಗಳು ಮಹಾದೇವಿ ಅಕ್ಕಾರು ನೀವೇ ಏನ್ರಿ? ನಾ ಸಾಬಣ್ಣನ ಮಗ ಯಲ್ಲಪ್ಪರಿ. ಅಪ್ಪ ಹೋದ ವರ್ಷ ತೀರಿಕೊಂಡ.'

ಕೂರಿಸಿ ನೀರು ಕೊಟ್ಟೆ. ಎತ್ತು ಎಲ್ಲಿ ಎಂದೆ. 'ಎತ್ತ ಎಲ್ಲಿ ಸಾಕೂದ್ರಿ ಅಕ್ಕಾರ, ಸೈಕಲ್ಲಿಗಿ ಮೇವ ಬೇಕಾಗಿಲ್ಲ' ಎಂದು ನಕ್ಕ. ಕೆಂಪು ಅರಿವೆ ಬಿಚ್ಚಿ ಹೊತ್ತಿಗೆ ತೆರೆದು, ಹೆಳವರು ಯಾರಿಗೂ ಮಾಡದ ಕೆಲಸ ಮಾಡಿದ. ಅದನ್ನು ನನ್ನ ಕಡೆ ತಿರುಗಿಸಿ ಹಿಡಿದ.

ಮೇಲೆ ಕಪ್ಪು ಶಾಯಿಯಲ್ಲಿ ವೀರಪ್ಪನಿಂದ ಬಸವರಾಜನವರೆಗೆ. ಕೆಳಗೆ ಹಸಿರಿನಲ್ಲಿ ಆನರಾ, ಬ್ರಿಜಿಟ್, ಮೇರಿ, ಕ್ಯಾಥರಿನ್. ಅದರ ಕೆಳಗೆ ಇನ್ನೂ ನಾಲ್ಕು ಹೆಸರಿದ್ದವು, ಇಕ್ಕಟ್ಟಿನಲ್ಲಿ, ಸಣ್ಣಕ್ಷರದಲ್ಲಿ. ಅವೂ ಹಸಿರು.

'ಅಪ್ಪ ಅವತ್ತೇ ಬರ್ದಾನ್ರಿ' ಎಂದ ಯಲ್ಲಪ್ಪ. 'ಉಂಡು ಬೇವಿನ ಗಿಡದ ಕೆಳಗ ಕುಂತು, ಅದೇ ಪೆನ್ನಿಲೆ. ಓದಾಕ ಮಾತ್ರ ಧೈರ್ಯ ಆಗ್ಲಿಲ್ರಿ ಅವಗ. ಹಿರಿಯರು ಕುಂತಿದ್ರು, ಬ್ಯಾಡ ಅಂದಿದ್ರು. ಅದನ್ನ ನಿಮ್ಮ ಆಯಿ ಮುಂದ ಹೇಳಾಕಾಗ್ದ ಕುಂತಿಲ್ಲ ಅಂತಿದ್ದ. ಸಾಯಾಗ ನನ್ನ ಕೈ ಹಿಡಿದು ಅಂದ, ಆ ಹುಡುಗಿ ಎಲ್ಲಿದ್ರೂ ಹೋಗು, ಆಕಿ ಮುಂದ ಕುಂತು ಪೂರಾ ಓದು, ಅಂತ.'

ಹದಿನೈದು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷ ನನ್ನ ಹೆಸರು ಅವನ ಬಗಲಲ್ಲಿ ಊರೂರು ತಿರುಗಿದೆ, ನಾನಿಲ್ಲಿ ಸಿಟ್ಟು ಮಾಡಿಕೊಂಡು ಕೂತಿದ್ದೇನೆ. ಆ ಮುದುಕನ ಮೇಲಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ. ಆಯಿ ಇರಬೇಕಿತ್ತು ಎಂದು ಮಾತ್ರ ಬಹಳ ಅನಿಸಿತು.

ಯಜಮಾನರು ಹೊರಗೆ ಬಂದು ಗೋಡೆಗೆ ಒರಗಿ ನಿಂತರು. ಈ ಸಲ ಕೆಮ್ಮಲಿಲ್ಲ. ಯಲ್ಲಪ್ಪ ಗಂಟೆ ಎತ್ತಿ ವೀರಪ್ಪನಿಂದ ಶುರು ಮಾಡಿದ. ಅಮೆರಿಕದವರ ಹೆಸರು ಬಂದಾಗ ಹಳೆಯ ರೂಢಿಯಂತೆ ಎದ್ದೆ, ತಲೆಬಾಗಿ ಕೂತೆ, ಎದ್ದೆ, ಕೂತೆ. ಮಗಳು ಬಾಯಿ ತೆರೆದು ನೋಡುತ್ತಿದ್ದಳು. ಕ್ಯಾಥರಿನ್ ಆಯಿತು. ಬೆರಳು ಅಲ್ಲಿ ನಿಲ್ಲಲಿಲ್ಲ.

'ಕ್ಯಾಥರಿನ್ನಳ ಮಗಳು ನೋರಾ.' ಎದ್ದೆ, ಕೂತೆ.

'ಮಂಠಾಳದ ವೀರಪ್ಪನ ಮನಿತನಕ್ಕ ಸೊಸಿಯಾಗಿ ಬಂದಾಕಿ ಗುರಮ್ಮ.'

ಆಯಿಯ ಹೆಸರು ಗಂಟೆಯೊಡನೆ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸೆರಗು ಹೊದ್ದು ಎದ್ದೆ, ತಲೆಬಾಗಿದೆ. ಕೂರಲು ಆಗಲಿಲ್ಲ.

'ಗುರಮ್ಮನ ಸೊಸಿ ಶಾಂತವ್ವ.' ಅವ್ವ ಆ ಹೊತ್ತಿಗೆ ಹುಮನಾಬಾದಿನಲ್ಲಿ ರೊಟ್ಟಿ ಬಡಿಯುತ್ತಿರಬೇಕು. ಅವಳಿಗಾಗಿಯೂ ತಲೆಬಾಗಿದೆ.

'ಶಾಂತವ್ವನ ಹಿರಿ ಮಗಳು ಮಹಾದೇವಿ.'

'ಏಳವ್ವಾ, ನಿನ್ನ ಹೆಸರ ಬಂತು' ಎಂದು ಮಗಳು ನನ್ನ ಸೀರೆ ಜಗ್ಗಿದಳು. ಆಮೇಲೆ ತಲೆಯೆತ್ತಿ ನೋಡಿ ಕೈಬಿಟ್ಟಳು. ನಾನು ಆಗಲೇ ನಿಂತಿದ್ದೆ.